ಮಡಿಲಲ್ಲಿ ಉಸಿರಾಡುವ ಪೆಟ್ಟಿಗೆ

ವಾದಕರು ಬಂದು ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ತೊಡೆಯ ಮೇಲೆ ಒಂದು ಕಪ್ಪು ಬಟ್ಟೆ ಹಾಸಿಕೊಳ್ಳುತ್ತಾರೆ. ಎರಡೂ ಕೈಗಳನ್ನು ತೊಗಲಿನ ಪಟ್ಟಿಗಳೊಳಗೆ ತೂರಿಸಿ ಚೌಕಾಕಾರದ ಪೆಟ್ಟಿಗೆಯನ್ನು ನಿಧಾನವಾಗಿ ಅಗಲಿಸುತ್ತಾರೆ. ಸ್ವರ ಇನ್ನೂ ಹೊರಟಿಲ್ಲ. ಬಲಗೈ ಹೆಬ್ಬೆರಳು ಒಂದು ಪುಟ್ಟ ಲಿವರನ್ನು ಒತ್ತಿ ಹಿಡಿದಿದೆ. ತಿದಿಗೆ ಗಾಳಿ ತುಂಬುತ್ತಿದೆ, ಅಷ್ಟೆ. ಐವತ್ತು ಅರವತ್ತು ಜನ ಕೂತ ಕೋಣೆಯಲ್ಲಿ ಆ ಗಾಳಿಯ ಸದ್ದು ಕೊನೆಯ ಸಾಲಿಗೂ ಮುಟ್ಟುತ್ತದೆ, ನಿದ್ದೆಯಿಂದ ಎದ್ದವರು ಎಳೆದುಕೊಳ್ಳುವ ಮೊದಲ ನೀಳ ಉಸಿರಿನ ಹಾಗೆ. ಆಮೇಲೆ ಸ್ವರ.

ಅರ್ಜೆಂಟೀನಾದ ಸಂಗೀತದ ಬಗ್ಗೆ ಹೇಳಲು ಹೊರಟಾಗ ನನಗೆ ಮೊದಲು ನೆನಪಾಗುವುದು ಈ ಉಸಿರು. ದೊಡ್ಡ ಸಭಾಂಗಣದಲ್ಲಿ, ಮೈಕು ಸ್ಪೀಕರುಗಳ ನಡುವೆ, ಮೊಟ್ಟಮೊದಲು ಕಳೆದುಹೋಗುವುದೂ ಅದೇ.

ಟ್ಯಾಂಗೊ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ನೃತ್ಯ: ಎತ್ತರದ ಹಿಮ್ಮಡಿ, ಥಟ್ಟನೆ ತಿರುಗುವ ಕುತ್ತಿಗೆ, ಒಬ್ಬರನ್ನೊಬ್ಬರು ತಬ್ಬಿದ ಜೋಡಿ. 1992ರ 'ಸೆಂಟ್ ಆಫ್ ಎ ವುಮನ್' ಸಿನಿಮಾದಲ್ಲಿ ಕಣ್ಣಿಲ್ಲದವನ ಪಾತ್ರದ ಅಲ್ ಪಚೀನೊ ಹುಡುಗಿಯೊಬ್ಬಳ ಜೊತೆ ಕುಣಿಯುವ ದೃಶ್ಯವನ್ನು ಬಹಳ ಮಂದಿ ನೋಡಿದ್ದಾರೆ. ಅಲ್ಲಿ ಕೇಳುವ ಧಾಟಿ ಟ್ಯಾಂಗೊ ಗಾಯಕ ಕಾರ್ಲೋಸ್ ಗಾರ್ದೆಲ್ ಅವರ 1935ರ 'ಪೋರ್ ಉನಾ ಕಬೇಸ'. ಸಿನಿಮಾದಲ್ಲಿ ಧಾಟಿಯಷ್ಟೇ ಇದೆ, ಮಾತಿಲ್ಲ. ಮಾತಿರುವ ಹಾಡಿನಲ್ಲಿ ಒಬ್ಬ ಜೂಜುಗಾರ ಇದ್ದಾನೆ. ಗೆಲ್ಲಬೇಕಿದ್ದ ಕುದುರೆ ಒಂದು ತಲೆಯಷ್ಟು ಅಂತರದಲ್ಲಿ ಸೋತಿದೆ, ಪ್ರೀತಿಯಲ್ಲೂ ತನಗೆ ಆದದ್ದು ಅದೇ ಎಂದು ಆತ ಹಲುಬುತ್ತಾನೆ. ಕುಣಿಯುವವರನ್ನು ನೋಡುತ್ತಾ ಕೂತರೆ ಈ ಜೂಜುಗಾರ ನಮಗೆ ಸಿಗುವುದಿಲ್ಲ. ಕುಣಿತವಿಲ್ಲದೆ, ಕೂತು ಕೇಳುವ ಟ್ಯಾಂಗೊ ಕಛೇರಿಯಲ್ಲಿ ಸಿಗುತ್ತಾನೆ.

ಇಂಥ ಕಛೇರಿಯನ್ನು ಪಾಶ್ಚಾತ್ಯರು ಚೇಂಬರ್ ಕನ್ಸರ್ಟ್ ಅನ್ನುತ್ತಾರೆ, ಎಂದರೆ ಕೋಣೆಯ ಸಂಗೀತ. ನಾಲ್ಕೈದು ಜನ ವಾದಕರು, ಒಬ್ಬೊಬ್ಬರಿಗೆ ಒಂದೊಂದು ಪಾಲು, ಕೋಲು ಬೀಸುವ ನಿರ್ದೇಶಕನಿಲ್ಲ. ಧಾರವಾಡ, ಹುಬ್ಬಳ್ಳಿಯ ಕಡೆ ಬೈಠಕ್‌ನಲ್ಲಿ ಕೂತು ಹಾಡು ಕೇಳಿದವರಿಗೆ ಇದರ ಸುಖವನ್ನು ಬಿಡಿಸಿ ಹೇಳಬೇಕಿಲ್ಲ. ಅರ್ಜೆಂಟೀನಾದ ಕಛೇರಿಯಲ್ಲಿ ಸಾಮಾನ್ಯವಾಗಿ ಒಂದು ಪಿಯಾನೊ, ಒಂದು ಪಿಟೀಲು, ಒಂದು ಡಬಲ್ ಬಾಸ್ ಅಥವಾ ಗಿಟಾರ್, ಮೇಲೆ ಹೇಳಿದ ಬಾಂದೊನಿಯೋನ್ ಎಂಬ ಪೆಟ್ಟಿಗೆ, ಮತ್ತು ಒಬ್ಬ ಗಾಯಕಿ ಇರುತ್ತಾರೆ. ಅರ್ಧ ಹೊತ್ತು ನಗರದ ಟ್ಯಾಂಗೊ, ಇನ್ನರ್ಧ ಹಳ್ಳಿಗಾಡಿನ ಮಟ್ಟುಗಳಿಂದ ಹುಟ್ಟಿದ ಹಾಡುಗಳು. ಎಲ್ಲರ ಮುಂದೆಯೂ ಕಾಗದವಿದೆ, ಸ್ವರಗಳೆಲ್ಲ ಅಚ್ಚಾಗಿವೆ. ಆದರೆ ಈ ಸಂಗೀತದ ಜೀವ ಇರುವುದು ಅಚ್ಚಾಗದ ಜಾಗದಲ್ಲಿ. ಗಮಕವನ್ನು ಬರೆದು ಕಲಿಸಲಾಗದು ಎಂದು ಬಲ್ಲ ನಮ್ಮ ಕಿವಿಗೆ ಇದು ಬೇಗ ಹತ್ತಿರವಾದೀತು ಎಂಬ ನಂಬಿಕೆಯಿಂದಲೇ ಈ ಪರಿಚಯ.

ಮೊದಲು ಆ ಪೆಟ್ಟಿಗೆಯ ಕಥೆ. ಬಾಂದೊನಿಯೋನ್ ಹುಟ್ಟಿದ್ದು ಅರ್ಜೆಂಟೀನಾದಲ್ಲಿ ಅಲ್ಲ, ಜರ್ಮನಿಯಲ್ಲಿ. ಕ್ರೆಫೆಲ್ಡ್ ಎಂಬ ಊರಿನ ಹೈನ್ರಿಖ್ ಬಾಂಡ್ ಎಂಬ ವಾದ್ಯ ವ್ಯಾಪಾರಿ 1840ರ ದಶಕದಲ್ಲಿ ಅದನ್ನು ಜನರಿಗೆ ಮುಟ್ಟಿಸಿದರು, ಹೆಸರೂ ಅವರದ್ದೇ ಉಳಿಯಿತು. ನಮ್ಮ ಹಾರ್ಮೋನಿಯಂ ಕೂಡ ಅದೇ ಶತಮಾನದಲ್ಲಿ ಯುರೋಪಿನಿಂದ ಬಂದದ್ದು, ಎರಡರಲ್ಲೂ ಸ್ವರ ಹುಟ್ಟುವುದು ಗಾಳಿಗೆ ಅದುರುವ ಲೋಹದ ನಾಲಿಗೆಗಳಿಂದ. ಕಂಪನಿ ನಾಟಕಗಳ ಹಾರ್ಮೋನಿಯಂ ನಮ್ಮದಾಗಿ ಹೋದ ಹಾಗೆ, ಹಡಗು ಹತ್ತಿ ಬಂದ ಈ ಪೆಟ್ಟಿಗೆಯೂ ಬ್ಯೂನಸ್ ಐರಿಸ್‌ನದ್ದಾಗಿಬಿಟ್ಟಿತು. ಅಲ್ಲಿನ ವಾದಕರು ಇಂದಿಗೂ ಹುಡುಕುವುದು ಜರ್ಮನಿಯ ಕಾರ್ಲ್ಸ್‌ಫೆಲ್ಡ್‌ನಲ್ಲಿ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆ ಮಾಡಿದ ಹಳೆಯ ಪೆಟ್ಟಿಗೆಗಳನ್ನು. ಮೈಮೇಲೆ ಎರಡು 'ಎ' ಅಕ್ಷರಗಳಿರುವ ಅವನ್ನು ಅವರು 'ದೊಬ್ಲೆ ಆ' ಎಂದು ಕರೆಯುತ್ತಾರೆ. ಎರಡನೇ ಮಹಾಯುದ್ಧದ ನಂತರ ಆ ಕಾರ್ಖಾನೆ ಪೂರ್ವ ಜರ್ಮನಿಯ ಸರ್ಕಾರದ ವಶವಾಯಿತು. ಹಾಗಾಗಿ ಒಳ್ಳೆಯ ಪೆಟ್ಟಿಗೆ ಎಂದರೆ ಯಾರೋ ಅಜ್ಜ ನುಡಿಸಿ ಬಿಟ್ಟುಹೋದ ಪೆಟ್ಟಿಗೆ.

ಕಲಿಯುವುದಂತೂ ಬಹಳ ಕಷ್ಟ. ಟ್ಯಾಂಗೊದವರು ನುಡಿಸುವ ಬಾಂದೊನಿಯೋನಿನಲ್ಲಿ 71 ಗುಂಡಿಗಳಿವೆ. ಬಲಗೈಗೆ 38, ಎಡಗೈಗೆ 33. ತಿದಿ ಅಗಲಿಸುವಾಗ ಒಂದು ಗುಂಡಿ ಒಂದು ಸ್ವರ ಕೊಟ್ಟರೆ, ಮುಚ್ಚುವಾಗ ಅದೇ ಗುಂಡಿ ಸಾಮಾನ್ಯವಾಗಿ ಬೇರೊಂದನ್ನು ಕೊಡುತ್ತದೆ. ಅಂದರೆ ಒಟ್ಟು 142 ನುಡಿ, ನಾಲ್ಕು ಬೇರೆ ಬೇರೆ ಕೀಲಿಮಣೆಗಳನ್ನು ಬಾಯಿಪಾಠ ಮಾಡಿದ ಹಾಗೆ. ಗುಂಡಿಗಳು ಸ್ವರಗಳ ಏರಿಕೆಯ ಕ್ರಮದಲ್ಲೂ ಇಲ್ಲ. ಕೈ ಮರೆಯಲ್ಲಿರುವುದರಿಂದ ನೋಡಿಕೊಂಡು ನುಡಿಸುವ ಹಾಗೂ ಇಲ್ಲ.

ಹತ್ತಿರದಲ್ಲಿ ಕೂತವರಿಗೆ ಇನ್ನೊಂದು ಕಾಣುತ್ತದೆ. ವಾದಕರು ಮುಖ್ಯ ಸಾಲುಗಳನ್ನು ಹೆಚ್ಚಾಗಿ ಅಗಲಿಸುತ್ತಲೇ ನುಡಿಸುತ್ತಾರೆ. ಮೊಣಕಾಲಿನ ಎರಡೂ ಬದಿಗೆ ಇಳಿಬಿದ್ದ ತಿದಿ ತನ್ನ ಭಾರಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಕೈ ಅದನ್ನು ತಡೆದು, ಸಡಿಲಿಸಿ, ಸ್ವರದ ಗಾತ್ರವನ್ನು ಹಿಡಿತದಲ್ಲಿಡುತ್ತದೆ. ಸಾಲು ಮುಗಿದೊಡನೆ ಹೆಬ್ಬೆರಳು ಲಿವರ್ ಒತ್ತುತ್ತದೆ, ಗಾಳಿ ಬುಸ್ಸೆಂದು ಹೊರಬೀಳುತ್ತದೆ, ಪೆಟ್ಟಿಗೆ ಮುಚ್ಚಿಕೊಂಡು ಮುಂದಿನ ಸಾಲಿಗೆ ಸಿದ್ಧ. ಒತ್ತು ಬೇಕಾದಾಗ ಹಿಮ್ಮಡಿ ಎತ್ತಿ ನೆಲಕ್ಕೆ ಕುಟ್ಟುತ್ತಾರೆ, ಆ ಕುಲುಕಿಗೆ ಸ್ವರ ಚುಚ್ಚಿಕೊಂಡು ಬರುತ್ತದೆ. ಕಾಗದದಲ್ಲಿ ಅದಕ್ಕೆ ಇರುವುದು ಒಂದು ಸಣ್ಣ ಗುರುತು ಮಾತ್ರ.

ಟ್ಯಾಂಗೊ ಹುಟ್ಟಿದ್ದು ಪ್ಲಾಟಾ ನದಿಯ ಎರಡು ದಡಗಳಲ್ಲಿ, ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ಮಾಂಟೆವಿಡಿಯೊ ಬಂದರುಗಳಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಗೆ. ಎರಡೂ ದೇಶಗಳು ಸೇರಿ ಕೇಳಿದ ಮೇಲೆ 2009ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಲಿ, ಸ್ಪೇನ್‌ಗಳಿಂದ ಹೊಟ್ಟೆಪಾಡಿಗೆ ಬಂದವರು ಆ ಬಂದರುಗಳಲ್ಲಿ ತುಂಬಿದ್ದರು. 1914ರ ಜನಗಣತಿಯ ಹೊತ್ತಿಗೆ ಬ್ಯೂನಸ್ ಐರಿಸ್‌ನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಅವರು ಇದ್ದದ್ದು ಕೊನ್ವೆಂತಿಯೊಗಳಲ್ಲಿ. ನಡುವೆ ಒಂದು ಅಂಗಳ, ಸುತ್ತ ಒಂದೊಂದು ಕೋಣೆಗೆ ಒಂದೊಂದು ಸಂಸಾರ: ಅಪ್ಪಟ ವಠಾರ. ಆಫ್ರಿಕಾ ಮೂಲದವರ ಕಂದೊಂಬೆ ಡೋಲು, ಕ್ಯೂಬಾದಿಂದ ಬಂದ ಹಬನೇರಾ ನಡೆ, ಹಳ್ಳಿಯ ಗಿಟಾರಿನ ಮಿಲೋಂಗಾ, ಇಟಲಿಯವರ ಗಂಟಲು ಎಲ್ಲ ಅಲ್ಲಿ ಬೆರೆತವು. ಭಾಷೆಯೂ ಬೆರೆಯಿತು. ಲುನ್‌ಫಾರ್ದೊ ಎಂಬ ಬೀದಿನುಡಿಯಲ್ಲಿ ಮಾತನ್ನೇ ತಿರುಗಿಸಿ ಆಡುವ ಒಂದು ಆಟವಿದೆ. ಟ್ಯಾಂಗೊ ಅಲ್ಲಿ 'ಗೋತಾನ್', ಕಾಫಿಯಂಗಡಿ 'ಫೆಕಾ'.

1917ರಲ್ಲಿ ಗಾರ್ದೆಲ್ ಹಾಡಿದ 'ಮಿ ನೋಚೆ ತ್ರಿಸ್ತೆ'ಯಿಂದ ಟ್ಯಾಂಗೊಗೆ ಕಥೆ ಹೇಳುವ ಬಾಯಿ ಬಂತು. ಪ್ರೇಯಸಿ ಬಿಟ್ಟುಹೋದ ಕೋಣೆಯಲ್ಲಿ ಒಬ್ಬನೇ ಉಳಿದವನ ಹಾಡು ಅದು. ಅಲ್ಲಿಂದ ಮುಂದೆ ಗಾರ್ದೆಲ್ ಇಡೀ ಲ್ಯಾಟಿನ್ ಅಮೆರಿಕದ ದನಿಯಾದರು. 1935ರ ಜೂನ್ 24ರಂದು ಕೊಲಂಬಿಯಾದ ಮೆದೆಯಿನ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಹಾಡು ಬರೆದುಕೊಡುತ್ತಿದ್ದ ಆಲ್ಫ್ರೆದೊ ಲೆ ಪೆರಾ ಕೂಡ ಅದೇ ವಿಮಾನದಲ್ಲಿದ್ದರು.

ಈಗ ಆ ಅಚ್ಚಾಗದ ಜಾಗಕ್ಕೆ ಬರೋಣ. ಟ್ಯಾಂಗೊದ ಪಿಟೀಲುಗಾರರು ಕುದುರೆಯ ಆಚೆ, ಸಾಧಾರಣವಾಗಿ ಯಾರೂ ಮುಟ್ಟದ ಕಡೆ, ಕಮಾನು ಉಜ್ಜುತ್ತಾರೆ. ಗರಗರ ಎಂಬ ಆ ಸದ್ದಿಗೆ 'ಚಿಚಾರ್ರಾ', ಎಂದರೆ ಜೀರುಂಡೆ ಎಂದು ಹೆಸರು. ಸರ್ರನೆ ಮೇಲಕ್ಕೆ ಜಾರುವುದು 'ಲಾತಿಗೊ', ಚಾಟಿ. ತಂತಿ ಮೀಟಿ ಡೋಲಿನ ಸದ್ದು ಹೊರಡಿಸಿದರೆ 'ತಂಬೋರ್'. ಡಬಲ್ ಬಾಸ್‌ನವರು ಅಂಗೈಯಿಂದ ತಂತಿಗೇ ಬಡಿಯುತ್ತಾರೆ. ಇವಕ್ಕೆಲ್ಲ ಮಿಗಿಲಾದದ್ದು 'ಅರ್ರಾಸ್ತ್ರೆ', ಎಳೆತ: ಪೆಟ್ಟು ಬೀಳುವ ಮುನ್ನವೇ ಕೆಳಗಿನಿಂದ ಸ್ವರವನ್ನು ಎಳೆದುಕೊಂಡು ಬಂದು ಪೆಟ್ಟಿನ ಮೇಲೆ ಕೆಡವುವುದು. ನಮ್ಮ ಜಾರುವನ್ನು ಬಲ್ಲವರು ಇದನ್ನು ಮೊದಲ ಸಲವೇ ಹಿಡಿಯಬಲ್ಲರು. ಪಿಯಾನೊ ವಾದಕ ಓಸ್ವಾಲ್ದೊ ಪುಲಿಯೇಸೆ 1946ರಲ್ಲಿ ಮುದ್ರಿಸಿದ 'ಲಾ ಯೂಂಬಾ' ಕೇಳಿ. ಆ ಹೆಸರೇ ಅದರ ನಡೆ. 'ಯೂಂ' ಎಂದು ಭಾರವಾಗಿ ಬೀಳುತ್ತದೆ, 'ಬಾ' ಎಂದು ಹಗುರಾಗಿ ಹಿಂದೆ ಬರುತ್ತದೆ, ಭಾರದ ಮೂಟೆ ಹೊತ್ತವರು ಹೆಜ್ಜೆ ಇಟ್ಟ ಹಾಗೆ.

ಇದೆಲ್ಲಕ್ಕೂ ಟ್ಯಾಂಗೊ ವಾದಕರು ಒಂದೇ ಮಾತು ಬಳಸುತ್ತಾರೆ: 'ಮೂಗ್ರೆ'. ಸ್ಪ್ಯಾನಿಷ್‌ನಲ್ಲಿ ಅದರರ್ಥ ಕೊಳೆ. ನುಡಿಸುವುದು ಶುದ್ಧವಾಗಿದೆ, ಆದರೆ ಕೊಳೆ ಇಲ್ಲ ಎಂದರೆ ಅದು ಮೆಚ್ಚುಗೆಯಾಗದು. ಯುರೋಪಿನ ಶಾಸ್ತ್ರೀಯ ಶಿಕ್ಷಣ ಪಡೆದ ಒಳ್ಳೊಳ್ಳೆಯ ವಾದಕರು ಟ್ಯಾಂಗೊ ನುಡಿಸುವಾಗ ಎಲ್ಲ ಸ್ವರವೂ ಸರಿ ಇದ್ದು ಏನೋ ಕೊರತೆ ಅನಿಸುವುದು ಇದಕ್ಕೇ. ಅವರು ಕಾಗದವನ್ನು ನಂಬುತ್ತಾರೆ. ಟ್ಯಾಂಗೊದವರು ಅಂಗಳವನ್ನು ಕೇಳಿಸಿಕೊಂಡಿದ್ದಾರೆ.

ಕಾಗದ ಮತ್ತು ಅಂಗಳ ಎರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡವರು ಆಸ್ತೊರ್ ಪಿಯಾಸೋಲಾ. 1921ರಲ್ಲಿ ಮಾರ್ ದೆಲ್ ಪ್ಲಾಟಾದಲ್ಲಿ ಹುಟ್ಟಿದ ಈ ಹುಡುಗ ಬೆಳೆದದ್ದು ನ್ಯೂಯಾರ್ಕಿನಲ್ಲಿ. ಕ್ಷೌರಿಕನಾಗಿದ್ದ ಅಪ್ಪ ವಿಸೆಂತೆ ಊರಿನ ನೆನಪು ತಾಳಲಾರದೆ ಗಿರವಿ ಅಂಗಡಿಯಿಂದ ಒಂದು ಬಾಂದೊನಿಯೋನ್ ತಂದು ಮಗನ ಕೈಗಿಟ್ಟರು. ಗಾರ್ದೆಲ್ ಅಲ್ಲಿಗೆ ಸಿನಿಮಾ ಮಾಡಲು ಬಂದಾಗ ಹುಡುಗನಿಗೆ ಪೇಪರ್ ಮಾರುವವನ ಚಿಕ್ಕ ಪಾತ್ರ ಕೊಟ್ಟು, ತಮ್ಮ ಪ್ರವಾಸಕ್ಕೂ ಕರೆದರು. ಇನ್ನೂ ಚಿಕ್ಕವನು, ಬೇಡ ಎಂದರು ಅಪ್ಪ. ಮೆದೆಯಿನ್‌ನಲ್ಲಿ ಉರಿದುಹೋದದ್ದು ಆ ಪ್ರವಾಸದ ವಿಮಾನವೇ.

ದೊಡ್ಡವರಾದ ಮೇಲೆ ಪಿಯಾಸೋಲಾ ಹಗಲು ಆಲ್ಬೆರ್ತೊ ಜಿನಾಸ್ತೆರಾ ಅವರ ಬಳಿ ರಚನೆಯ ಪಾಠ ಕಲಿತರು, ರಾತ್ರಿ ಆನಿಬಾಲ್ ತ್ರೋಯಿಲೊ ಅವರ ತಂಡದಲ್ಲಿ ಟ್ಯಾಂಗೊ ನುಡಿಸಿದರು. 1954ರಲ್ಲಿ ಪ್ಯಾರಿಸ್‌ಗೆ ಹೋಗಿ ನಾದಿಯಾ ಬುಲಾಂಜೆ ಎಂಬ ಮಹಾ ಗುರುವಿನ ಮುಂದೆ ಸಿಂಫೋನಿಗಳ ಕಟ್ಟು ಬಿಚ್ಚಿದರು. ಟ್ಯಾಂಗೊ ವಾದಕ ಎಂಬುದನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದರು. ಆಕೆ ಬಿಡದೆ ಕೇಳಿ ಒಂದು ಟ್ಯಾಂಗೊ ನುಡಿಸಿಸಿದರು, ನಿನ್ನನ್ನು ನಾನು ಕಂಡದ್ದು ಇಲ್ಲಿ, ಇದನ್ನು ಬಿಡಬೇಡ ಎಂಬರ್ಥದ ಮಾತಾಡಿದರು. ಊರಿಗೆ ಮರಳಿದ ಪಿಯಾಸೋಲಾ 1960ರಲ್ಲಿ ಕಟ್ಟಿದ ಐವರ ತಂಡ ಚೇಂಬರ್ ಸಂಗೀತದ್ದೇ ಅಳತೆಯದು: ಬಾಂದೊನಿಯೋನ್, ಪಿಟೀಲು, ಪಿಯಾನೊ, ಎಲೆಕ್ಟ್ರಿಕ್ ಗಿಟಾರ್, ಡಬಲ್ ಬಾಸ್. ಹಳಬರು ಇದು ಟ್ಯಾಂಗೊವೇ ಅಲ್ಲ ಎಂದು ತಿರುಗಿಬಿದ್ದರು. ಆದರೆ ಅದರ ನಡೆಯನ್ನು ಬೆರಳಲ್ಲಿ ಎಣಿಸಿ ನೋಡಿ: ತಕಿಟ, ತಕಿಟ, ತಕ. ಎಂಟು ಅಕ್ಷರವನ್ನು ಮೂರು, ಮೂರು, ಎರಡಾಗಿ ಒಡೆಯುವ ಈ ಲೆಕ್ಕ ಹಳೆಯ ಮಿಲೋಂಗಾದ್ದೇ.

1959ರಲ್ಲಿ ಅಪ್ಪ ತೀರಿಕೊಂಡಾಗ ಪಿಯಾಸೋಲಾ ಪ್ರವಾಸದಲ್ಲಿದ್ದರು. ಊರಿಗೆ ಹೋಗಲು ಆಗಲಿಲ್ಲ. ನ್ಯೂಯಾರ್ಕಿನ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು 'ಆದಿಯೋಸ್ ನೊನೀನೊ' ಬರೆದರು. ನೊನೀನೊ ಎಂಬುದು ಮೊಮ್ಮಕ್ಕಳು ಅಜ್ಜನನ್ನು ಕರೆಯುತ್ತಿದ್ದ ಹೆಸರು. ಮೊದಲ ಭಾಗ ಒರಟು, ಕುಟ್ಟುವ ನಡೆ. ನಡುವೆ ಅದು ನಿಂತು, ನೀಳವಾದ ಒಂದು ಧಾಟಿ ಪಿಟೀಲಿಗೆ ಬರುತ್ತದೆ. ಸಣ್ಣ ಕೋಣೆಯಲ್ಲಿ ಆ ತಿರುವು ಬಂದಾಗ ಜನ ಕೂತಲ್ಲೇ ಅಲುಗಾಡುವುದನ್ನು ನಿಲ್ಲಿಸುತ್ತಾರೆ.

ಕಛೇರಿಯ ಇನ್ನರ್ಧಕ್ಕೆ ನಗರ ಬಿಟ್ಟು ಹೊರಡಬೇಕು. ಪಂಪಾ ಬಯಲು, ವಾಯವ್ಯದ ಗುಡ್ಡಸೀಮೆ, ಸಾಂತಿಯಾಗೊ ದೆಲ್ ಎಸ್ತೆರೊದ ಒಣನೆಲ. ಅಲ್ಲಿನ ಸಾಂಬಾ ಕರವಸ್ತ್ರ ಬೀಸುತ್ತಾ ಕುಣಿಯುವ ನಿಧಾನದ ಮಟ್ಟು. ಬ್ರೆಜಿಲ್‌ನ ಸಾಂಬಾಗೂ ಇದಕ್ಕೂ ಸಂಬಂಧವಿಲ್ಲ. ಚಾಕರೇರಾ ಚುರುಕಿನದು, ಆರು ಅಕ್ಷರವನ್ನು ಮೇಲೊಬ್ಬರು ತಕಿಟ ತಕಿಟ ಎಂದರೆ ಕೆಳಗೊಬ್ಬರು ತಕ ತಕ ತಕ ಎನ್ನುತ್ತಾರೆ, ಎರಡೂ ಒಟ್ಟಿಗೇ ಸಾಗುತ್ತವೆ. ಜೊತೆಗೆ ಮರದ ಬೊಡ್ಡೆ ಕೊರೆದು ತೊಗಲು ಬಿಗಿದ ಬೊಂಬೊ ಲೆಗುವೇರೊ. ಒಂದು ಹರದಾರಿ ದೂರಕ್ಕೆ ಕೇಳುತ್ತದೆಂದು ಆ ಹೆಸರು. ಚೇಂಬರ್ ಕಛೇರಿಗೆ ಈ ಡೋಲು ಬರುವುದು ಅಪರೂಪ. ಪಿಯಾನೊದ ಎಡಗೈ ಅದರ ಕೆಲಸ ಮಾಡುತ್ತದೆ.

ಈ ಮಟ್ಟುಗಳನ್ನು ಕಾಗದಕ್ಕಿಳಿಸಿದವರಲ್ಲಿ ಜಿನಾಸ್ತೆರಾ ದೊಡ್ಡ ಹೆಸರು. 1943ರ ಅವರ ಐದು ಜನಪದ ಹಾಡುಗಳ ಗುಚ್ಛ ಹತ್ತು ನಿಮಿಷಕ್ಕೂ ಕಡಿಮೆ. ಚಾಕರೇರಾದಿಂದ ಶುರುವಾಗಿ, ತ್ರಿಸ್ತೆ ಎಂಬ ಶೋಕಗೀತೆ, ಸಾಂಬಾ, ಒಂದು ಜೋಗುಳ, ಕೊನೆಗೆ ಗಾತೊ ಎಂಬ ಕುಣಿತ. ಶೋಕಗೀತೆಯಲ್ಲಿ ಪಿಯಾನೊ ಹೆಚ್ಚು ಮಾತಾಡುವುದೇ ಇಲ್ಲ, ಗಾಯಕಿ ಬಯಲಲ್ಲಿ ಒಬ್ಬಳೇ ನಿಂತ ಹಾಗೆ. ಗಿಟಾರಿನ ಆರು ತಂತಿಗಳನ್ನು ಬೆರಳೊತ್ತದೆ ಹಾಗೇ ಮೀಟಿದರೆ ಹೊರಡುವ ಸ್ವರಗಳ ಗುಂಪನ್ನು ಜಿನಾಸ್ತೆರಾ ತಮ್ಮ ಎಷ್ಟೋ ಕೃತಿಗಳಲ್ಲಿ ಹುದುಗಿಸಿದ್ದಾರೆ. ಹಳ್ಳಿಯವನೊಬ್ಬ ಹಾಡುವ ಮುಂಚೆ ಶ್ರುತಿ ನೋಡಿಕೊಂಡ ಹಾಗೆ ಅದು ಕೇಳುತ್ತದೆ.

ನನಗೆ ಹೆಚ್ಚು ಆಪ್ತರು ಕಾರ್ಲೋಸ್ ಗುವಾಸ್ತವೀನೊ. ಸಾಂತಾ ಫೆ ಊರಿನವರು, 1912ರಲ್ಲಿ ಹುಟ್ಟಿ 2000ದವರೆಗೆ ಬದುಕಿದವರು, ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದವರು ಸಂಗೀತಕ್ಕೆ ಬಂದವರು. ಸುತ್ತಲಿನವರೆಲ್ಲ ಹೊಸ ಬಗೆಯ ಕರ್ಕಶಕ್ಕೆ ತಿರುಗಿದಾಗಲೂ ಇವರು ಇಂಪಾದ ಧಾಟಿಯನ್ನು ಕೈಬಿಡಲಿಲ್ಲ. ನೂರಕ್ಕೂ ಹೆಚ್ಚು ಹಾಡು ಬರೆದರು. ದೇಶದ ಹೂಗಳ ಮೇಲೆಯೇ 12 ಹಾಡುಗಳ ಒಂದು ಮಾಲೆಯಿದೆ. ಸ್ಪೇನಿನ ಅಂತರ್ಯುದ್ಧದ ನಂತರ ಅರ್ಜೆಂಟೀನಾದಲ್ಲಿ ಆಸರೆ ಪಡೆದ ಕವಿ ರಫಾಯೆಲ್ ಆಲ್ಬೆರ್ತಿಯವರ ದಿಕ್ಕುತಪ್ಪಿದ ಪಾರಿವಾಳದ ಕವಿತೆಗೆ ಅವರು 1941ರಲ್ಲಿ ಹಾಕಿದ ಧಾಟಿಯನ್ನು ಸ್ಪ್ಯಾನಿಷ್ ಮಾತಾಡುವ ಜನ ಇಂದಿಗೂ ಗುನುಗುತ್ತಾರೆ.

ಅವರ 'ಲಾ ರೋಸಾ ಇ ಎಲ್ ಸೌಸೆ' ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೊಂಬೆ ಇಳಿಬಿಟ್ಟ ಒಂದು ವಿಲೋ ಮರ, ಅದನ್ನು ತಬ್ಬಿಕೊಂಡು ನಿಂತ ಒಂದು ಗುಲಾಬಿ. ಹುಡುಗಿಯೊಬ್ಬಳು ಬಂದು ಗುಲಾಬಿ ಕಿತ್ತೊಯ್ಯುತ್ತಾಳೆ, ಮರ ಅಳುತ್ತದೆ. ಕಥೆ ಅಷ್ಟೇ. ಪಿಯಾನೊದ ಪೀಠಿಕೆ ಅವಸರವಿಲ್ಲದೆ ತೂಗುತ್ತದೆ. ಗಾಯಕಿ ಮಾತುಗಳನ್ನು ಹೇಳಿ ಮುಗಿಸುತ್ತಾಳೆ, ಆದರೆ ಹಾಡು ಮುಗಿಯುವುದಿಲ್ಲ. ಕೊನೆಗೆ ಬರೀ 'ಆ' ಎಂಬ ಅಕಾರ ಉಳಿಯುತ್ತದೆ. ಆ ಅಕಾರಕ್ಕೂ ಗುವಾಸ್ತವೀನೊ ಸ್ವರ ಬರೆದಿದ್ದಾರೆ, ನಿಜ. ಎಷ್ಟು ಉಸಿರು ಇಡಬೇಕು, ಎಲ್ಲಿ ದನಿ ತೆಳುವಾಗಬೇಕು, ತುಟಿ ಯಾವಾಗ ಮುಚ್ಚಬೇಕು ಎಂಬುದು ಗಾಯಕಿಗೆ ಬಿಟ್ಟದ್ದು. ಎರಡನೇ ಸಾಲಿನಲ್ಲಿ ಕೂತರೆ ಆಕೆಯ ಕತ್ತಿನ ನರ ಸಡಿಲವಾಗುವುದೂ ಕಾಣುತ್ತದೆ.

ಕಾಲ್ನಡೆಯಲ್ಲೂ ಕುದುರೆಯ ಮೇಲೂ ನಾಡು ಸುತ್ತಿ ಹಾಡು ಕಟ್ಟಿದ ಅತವಾಲ್ಪ ಯುಪಾಂಕಿ ಕೂಡ ಈಗ ಇಂಥ ಕಛೇರಿಗಳ ಪಟ್ಟಿಯಲ್ಲಿದ್ದಾರೆ. ಅವರ ಎಷ್ಟೋ ಹಾಡುಗಳ ಪಕ್ಕ ಪಾಬ್ಲೊ ದೆಲ್ ಸೆರ್ರೊ ಎಂಬ ಹೆಸರು ಕಾಣುತ್ತದೆ. ಆ ಹೆಸರಿನ ಗಂಡಸು ಯಾರೂ ಇರಲಿಲ್ಲ. ಅದು ಯುಪಾಂಕಿಯವರ ಹೆಂಡತಿ, ಪಿಯಾನೊ ವಾದಕಿ ನೆನೆತ್. ಧಾಟಿ ಹಾಕಿದಾಕೆಯ ನಿಜವಾದ ಹೆಸರನ್ನು ಕಾರ್ಯಕ್ರಮದ ಕಾಗದದಲ್ಲಿ ಅಚ್ಚು ಹಾಕಿಸಬೇಕು, ಅಡಿಟಿಪ್ಪಣಿಯಲ್ಲಿ ಅಲ್ಲ, ಹಾಡಿನ ಪಕ್ಕದಲ್ಲೇ. ಹಾಗೆಯೇ ಆರಿಯೆಲ್ ರಾಮೀರೆಸ್ ಮತ್ತು ಇತಿಹಾಸಕಾರ ಫೆಲಿಕ್ಸ್ ಲೂನಾ ಸೇರಿ ಮಾಡಿದ 'ಆಲ್ಫೊನ್ಸಿನಾ ಇ ಎಲ್ ಮಾರ್' ಇಲ್ಲದ ಕಛೇರಿ ವಿರಳ. 1938ರಲ್ಲಿ ಮಾರ್ ದೆಲ್ ಪ್ಲಾಟಾದ ಕಡಲಿನಲ್ಲಿ ಜೀವ ಕಳೆದುಕೊಂಡ ಕವಯಿತ್ರಿ ಆಲ್ಫೊನ್ಸಿನಾ ಸ್ತೋರ್ನಿಯ ನೆನಪಿನ ಸಾಂಬಾ ಅದು. 1969ರಲ್ಲಿ ಮೆರ್ಸೆದೆಸ್ ಸೋಸಾ ಹಾಡಿ ಲೋಕಕ್ಕೆ ಮುಟ್ಟಿಸಿದರು. ತುಕುಮಾನ್‌ನ ಬಡ ಮನೆಯಿಂದ ಬಂದ ಆ ತುಂಬುದನಿಯನ್ನು ಮುಂದೆ ದೇಶವನ್ನಾಳಿದ ಸೈನಿಕ ಆಡಳಿತ ಸಹಿಸಲಿಲ್ಲ. ಕಛೇರಿಯ ನಡುವೆಯೇ ಬಂಧಿಸಿತು, ಆಕೆ ದೇಶ ಬಿಟ್ಟು 1982ರಲ್ಲಷ್ಟೇ ಮರಳಿ ಹಾಡಿದರು.

ಎಲ್ಲಿಂದ ಕೇಳಲು ಶುರುಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಅದೇ 1982ರ ಒಂದು ಮುದ್ರಣ ಹೇಳುತ್ತೇನೆ. ಬ್ಯೂನಸ್ ಐರಿಸ್‌ನ ರೆಹೀನಾ ರಂಗಮಂದಿರ, ಪಿಯಾಸೋಲಾ ಅವರ ಐವರ ತಂಡ, ಮುಂದೆ ರೊಬೆರ್ತೊ ಗೊಯೆನೆಚೆ. ಒಂದು ಕಾಲಕ್ಕೆ ಬಸ್ ಓಡಿಸುತ್ತಿದ್ದ ಗಾಯಕ, ಅಷ್ಟು ಹೊತ್ತಿಗೆ ಐವತ್ತು ದಾಟಿದ್ದರು, ದನಿ ಸವೆದಿತ್ತು. ಅವರು ಹಾಡುವುದು 'ಬಲಾದಾ ಪಾರಾ ಉನ್ ಲೋಕೊ', ಬೀದಿಯ ಹುಚ್ಚನೊಬ್ಬನ ಹಾಡು. 1969ರಲ್ಲಿ ಲೂನಾ ಪಾರ್ಕ್ ಕ್ರೀಡಾಂಗಣದ ಸ್ಪರ್ಧೆಯಲ್ಲಿ ಜನ ಕೂಗಾಡಿ ಎರಡು ಪಂಗಡವಾಗಿದ್ದು ಇದೇ ಹಾಡಿಗೆ. ಗೊಯೆನೆಚೆ ಮೊದಲು ಮಾತಾಡುತ್ತಾರೆ, ಪಕ್ಕದ ಮನೆಯವರಿಗೆ ಏನೋ ಹೇಳುತ್ತಿರುವ ಹಾಗೆ. ಯಾವಾಗ ಮಾತು ಹಾಡಾಯಿತೋ ಗೊತ್ತಾಗುವುದಿಲ್ಲ. ಒಂದು ಪದವನ್ನು ತಾಳಕ್ಕಿಂತ ಮುಂಚೆ ಎತ್ತಿಕೊಳ್ಳುತ್ತಾರೆ, ಇನ್ನೊಂದನ್ನು ತಡವಾಗಿ ಇಡುತ್ತಾರೆ, ಸಾಲಿನ ನಡುವೆ ಸುಮ್ಮನೆ ನಿಲ್ಲುತ್ತಾರೆ. ಹಿಂದೆ ಬಾಂದೊನಿಯೋನ್ ಸ್ವರ ಹಿಡಿದು, ತಿದಿಯನ್ನು ಎಳೆದ ಹಾಗೇ ಎಳೆದುಕೊಂಡು, ಅವರಿಗಾಗಿ ಕಾಯುತ್ತದೆ.